ಕಾರಿನ ಹಿಂದಿನ ಚಕ್ರದ ಬೇರಿಂಗ್ ಮನೆಯಲ್ಲೇ ಹಾಕಬಹುದಾ?
ವೇಗ 60 ಕಿ.ಮೀ. ದಾಟಿದರೆ ಹಿಂದಿನ ಎಡಚಕ್ರದಿಂದ ಗುಂಯ್ ಅನ್ನೋ ಸದ್ದು, ಟೈರ್ ಬದಲಿಸಿದರೂ ಹೋಗಿಲ್ಲ, ಬೇರಿಂಗ್ ನಾನೇ ಹಾಕಲಾ ಅಂತ ಕೇಳಿದ್ದೀರಿ.

ಮೊದಲು ಬೇರಿಂಗೇ ಹೌದಾ ನೋಡಿ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದೆ ಜಾಕ್ ಏರಿಸಿ, ಸ್ಟ್ಯಾಂಡ್ ಇಟ್ಟು, ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಕೈ ಸ್ಪ್ರಿಂಗ್ ಮೇಲಿಟ್ಟು ಚಕ್ರ ತಿರುಗಿಸಿ. ಕೆಟ್ಟಿದ್ದರೆ ಮರಳು ಅರೆದ ಹಾಗೆ ಕೈಗೇ ತಿಳಿಯುತ್ತದೆ.

ಬ್ರೇಕ್ ಡ್ರಮ್ ಒಳಗೇ ಬೇರಿಂಗ್ ಕೂರುವ ಗಾಡಿಯಾದರೆ ಬಿಚ್ಚೋದು ಸುಲಭ, ಕೂರಿಸೋದೇ ಕಷ್ಟ. ನಾನೊಮ್ಮೆ ಬೇರಿಂಗಿನ ಒಳರಿಂಗ್ ಮೇಲೆ ಸುತ್ತಿಗೆಯಿಂದ ಬಡಿದೆ. ಹೊಸ ಬೇರಿಂಗ್ ತಿಂಗಳೊಳಗೇ ಕೂಗಿತು! ಸುಮ್ನೆ ಡ್ರಮ್ ಬಿಚ್ಚಿ ಲೇತ್ ಅಂಗಡಿಗೆ ಒಯ್ಯಿರಿ. ಪ್ರೆಸ್‌ನಲ್ಲಿ ಹೊರರಿಂಗ್ ಮೇಲೆ ಒತ್ತಿ ಕೂರಿಸಲಿ. ಆಕ್ಸಲ್ ನಟ್ ಮಾತ್ರ ಹೊಸದೇ ಹಾಕಿ, ಮ್ಯಾನ್ಯುಯಲ್ ನೋಡಿ, ಬಿಗಿತ ಅಳೆಯುವ ಟಾರ್ಕ್ ವ್ರೆಂಚ್‌ನಲ್ಲೇ ಬಿಗಿ ಮಾಡಿ.