ಗದಗಿನ ಪತ್ರ: ಪ್ರಿಮ್‌ರೋಸ್ ಗುಳಿಗೆ ಮತ್ತು ಅಂಗಳದ ಸಂಜೆಮಲ್ಲಿಗೆ

ಗದಗಿನ ಓದುಗರೊಬ್ಬರು ಹೆಸರು ಹಾಕಬೇಡಿ ಎಂದು ಕೇಳಿಕೊಂಡು ಬರೆದಿದ್ದಾರೆ: “ಮುಟ್ಟಿಗೆ ವಾರ ಮುಂಚೆ ಎರಡೂ ಸ್ತನಗಳು ಬಿಗಿದು ನೋಯುತ್ತವೆ. ಅಮೆರಿಕದಿಂದ ಬಂದ ನಾದಿನಿ ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆಯ ಗುಳಿಗೆ ಕೊಟ್ಟಿದ್ದಾಳೆ. ನುಂಗಬಹುದೇ? ಮಗನ ಇಸುಬಿಗೂ ಒಳ್ಳೆಯದಂತೆ, ಹೌದೇ? ಅಂಗಳದ ಸಂಜೆಮಲ್ಲಿಗೆ ಬೀಜದಿಂದ ಈ ಎಣ್ಣೆ ತೆಗೆಯಬಹುದೇ? ನಾವು ಸಸ್ಯಾಹಾರಿಗಳು, ಅಡ್ಡಿಯಿಲ್ಲವಷ್ಟೇ?”

ಮೊದಲು ಸಂಜೆಮಲ್ಲಿಗೆಯ ಮಾತು, ಏಕೆಂದರೆ ಅದು ಅಪಾಯದ್ದು. ಸಂಜೆಗೆ ಅರಳುವುದೊಂದನ್ನು ಬಿಟ್ಟರೆ ಈ ಎರಡು ಗಿಡಗಳಿಗೆ ಯಾವ ನಂಟೂ ಇಲ್ಲ. ಪ್ರಿಮ್‌ರೋಸ್ ಉತ್ತರ ಅಮೆರಿಕದ ಹಳದಿ ಹೂವಿನ ಗಿಡ. ನಿಮ್ಮ ಅಂಗಳದ್ದರ ಕಾಳುಮೆಣಸಿನಂಥ ಕರಿ ಬೀಜ ವಿಷ. ಹೊಟ್ಟೆಗೆ ಹೋದರೆ ವಾಂತಿ, ಭೇದಿ ಆಗಬಹುದು. ಮಗನ ಕೈಗೂ ಸಿಗದಂತೆ ನೋಡಿಕೊಳ್ಳಿ.

ಇನ್ನು ಗುಳಿಗೆಯೊಳಗೆ ಏನಿದೆ? ಸಾವಿರ ಮಿಲಿಗ್ರಾಂನ ಗುಳಿಗೆ ಎಂದರೆ ಬಹಳ ದೊಡ್ಡದಾಗಿ ಕೇಳಿಸುತ್ತದೆ. ಅದು ಒಂದೇ ಗ್ರಾಂ, ಕಾಲು ಚಮಚಕ್ಕೂ ಕಡಿಮೆ ಎಣ್ಣೆ. ಅದರಲ್ಲಿ ಮುಕ್ಕಾಲು ಭಾಗದಷ್ಟು ಲಿನೋಲಿಕ್ ಆಮ್ಲ. ನಿಮ್ಮ ಕಡೆಯ ಗಾಣದ ಕುಸುಬೆ ಎಣ್ಣೆಯಲ್ಲಿಯೂ ಹೆಚ್ಚಾಗಿರುವುದು ಅದೇ ಆಮ್ಲ, ಅದಕ್ಕೆ ಯಾರೂ ವಿಮಾನದ ದರ ಕೇಳುವುದಿಲ್ಲ. ಪ್ರಿಮ್‌ರೋಸ್‌ನ ಪ್ರತಿಷ್ಠೆಯೆಲ್ಲ ಅದರಲ್ಲಿ ಎಂಟು–ಹತ್ತು ಶೇಕಡಾ ಇರುವ ಗಾಮಾ ಲಿನೋಲೆನಿಕ್ ಆಮ್ಲದ್ದು. ನಮ್ಮ ದೇಹ ಇದನ್ನು ಲಿನೋಲಿಕ್ ಆಮ್ಲದಿಂದಲೇ ತಯಾರಿಸಿಕೊಂಡು, ಮುಂದೆ ಉರಿಯೂತ ತಗ್ಗಿಸುವ ಪದಾರ್ಥಗಳಿಗೆ ಬಳಸುತ್ತದೆ. ಕೆಲವರಲ್ಲಿ ಈ ತಯಾರಿಕೆ ಕುಂಟುತ್ತದೆ, ನೇರವಾಗಿ ನುಂಗಿಸಿದರೆ ಇಸುಬು, ಸ್ತನದ ನೋವು ಇಳಿಯುತ್ತವೆ ಎಂಬುದು ಎಣ್ಣೆಯ ಪರ ನಿಂತವರ ವಾದ. ಕೇಳಲು ಚೆನ್ನಾಗಿಯೇ ಇದೆ.

ಬ್ರಿಟನ್ ಈ ವಾದವನ್ನು ನಂಬಿ, ಇಸುಬಿಗೆ ಒಂದು, ಸ್ತನದ ನೋವಿಗೆ ಇನ್ನೊಂದು ಎಂದು ಈ ಎಣ್ಣೆಗೆ ಔಷಧಿಯ ಪರವಾನಗಿಯನ್ನೇ ಕೊಟ್ಟಿತ್ತು. ಗುಣವಾಗುತ್ತದೆ ಎನ್ನಲು ಆಧಾರ ಸಾಲದೆಂದು 2002ರಲ್ಲಿ ಎರಡನ್ನೂ ಹಿಂದಕ್ಕೆ ಪಡೆಯಿತು. ಇಸುಬಿನ ಬಗ್ಗೆ, ವೈದ್ಯಕೀಯ ಪ್ರಯೋಗಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 2013ರಲ್ಲಿ 27 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿತು. ಅವುಗಳಲ್ಲಿ 19 ಈ ಎಣ್ಣೆಯವೇ. ಹೋಲಿಕೆಗೆಂದು ಕೊಡುವ, ಔಷಧಿಯಿಲ್ಲದ ಹುಸಿ ಗುಳಿಗೆಗಿಂತ ಇದು ಮೇಲು ಎಂದು ಕಂಡುಬರಲಿಲ್ಲ. ಆದ್ದರಿಂದ ಮಗನಿಗೆ ಬೇಡ. ಸ್ನಾನವಾದ ಕೂಡಲೇ ಮೈ ಇನ್ನೂ ಒದ್ದೆಯಿರುವಾಗ ಚರ್ಮಕ್ಕೆ ತೇವ ಹಿಡಿದಿಡುವ ಮುಲಾಮು ಧಾರಾಳವಾಗಿ ಹಚ್ಚಿ, ಚರ್ಮವೈದ್ಯರಿಗೆ ತೋರಿಸಿ.

ನಿಮ್ಮ ನೋವಿಗೆ ನಮ್ಮ ಊರುಗಳ ಸ್ತ್ರೀರೋಗ ತಜ್ಞರು ಇಂದಿಗೂ ಈ ಗುಳಿಗೆ ಬರೆಯುವುದುಂಟು. ನುಂಗಿದವರಲ್ಲಿ ಹಲವರಿಗೆ ನೋವು ಇಳಿಯುವುದೂ ನಿಜ. ಆದರೆ ಪ್ರಯೋಗಗಳಲ್ಲಿ ಹುಸಿ ಗುಳಿಗೆ ನುಂಗಿದವರಿಗೂ ಹೆಚ್ಚುಕಡಿಮೆ ಅಷ್ಟೇ ಇಳಿದಿದೆ. ಮುಟ್ಟಿನ ಜೊತೆ ಬಂದುಹೋಗುವ ಈ ನೋವು ಬಹಳ ಸಲ ತಾನಾಗಿಯೇ ಅಡಗುವಂಥದ್ದು. ಅಳತೆಗೆ ಸರಿಯಾದ, ಎದೆಯನ್ನು ಚೆನ್ನಾಗಿ ಹಿಡಿದಿಡುವ ಒಳಉಡುಪು ಎಷ್ಟೋ ಜನರಿಗೆ ಸಾಕಾಗುತ್ತದೆ. ಅಂಗಡಿಯಲ್ಲಿ ಅಳತೆ ಹೇಳಲು ನಾಚಿ ವರ್ಷಗಟ್ಟಲೆ ತಪ್ಪು ಅಳತೆಯದನ್ನೇ ತೊಡುವವರನ್ನು ನಾನು ಬಲ್ಲೆ. ಒಂದೇ ಕಡೆ ನೋವು, ಗಂಟು, ತೊಟ್ಟಿನಿಂದ ಸ್ರಾವ, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಆದರೂ ತಂದದ್ದನ್ನು ನುಂಗಿಯೇ ನೋಡುತ್ತೇನೆ ಎಂದರೆ ತಡೆಯುವವನು ನಾನಲ್ಲ. ಸಾಮಾನ್ಯವಾಗಿ ಆಗಬಹುದಾದ ತೊಂದರೆ ಎಂದರೆ ಹೊಟ್ಟೆ ಕೆಡುವುದು, ತಲೆನೋವು. ರಕ್ತ ತಿಳಿಯಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಶಸ್ತ್ರಚಿಕಿತ್ಸೆ ಹತ್ತಿರವಿರುವವರು ಮಾತ್ರ ವೈದ್ಯರನ್ನು ಕೇಳದೆ ಮುಟ್ಟಬಾರದು.

ಸಸ್ಯಾಹಾರದ ಪ್ರಶ್ನೆ ಉಳಿಯಿತು. ಎಣ್ಣೆ ಗಿಡದ್ದೇ, ಆದರೆ ಅದನ್ನು ತುಂಬಿದ ಮೆತ್ತನೆಯ ಚೀಲ ಸಾಮಾನ್ಯವಾಗಿ ಜೆಲಟಿನ್‌ನದು; ಜೆಲಟಿನ್ ಎಂದರೆ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದದ್ದು. ಡಬ್ಬಿಯ ಹಿಂದಿನ ಸಣ್ಣಕ್ಷರದಲ್ಲಿ ಆ ಹೆಸರು ಇದೆಯೇ ನೋಡಿ. ಇದ್ದರೆ, ಬೇಡವೆಂದು ನಾದಿನಿಗೆ ಹೇಳಲು ನಿಮಗೊಂದು ಮರ್ಯಾದೆಯ ನೆಪವೂ ಸಿಕ್ಕಿತು.