ಎರಡು ವರ್ಷದ ಮಗ ಮಾತಾಡ್ತಿಲ್ಲ, ಕರೆದರೂ ತಿರುಗಲ್ಲ. ಆಟಿಸಂ ಪರೀಕ್ಷೆ ಎಲ್ಲಿ ಮಾಡಿಸೋದು?

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಸರಿಯಾಗಿ ಕೇಳಿಸದಿದ್ದರೂ ಮಕ್ಕಳು ಹೀಗೇ ಇರುತ್ತಾರೆ.

ಆಟಿಸಂ ಪತ್ತೆಗೆ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಗು ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾ, ನೀವು ನೋಡಿದ ಕಡೆ ತಾನೂ ನೋಡುತ್ತಾ, ಆಟದ ಕಾರನ್ನು ಓಡಿಸುತ್ತಾ ಅಥವಾ ಬರೀ ಚಕ್ರ ತಿರುಗಿಸುತ್ತಾ ಕೂರುತ್ತಾ ಅಂತೆಲ್ಲ ತಜ್ಞರು ಗಮನಿಸುತ್ತಾರೆ. ನಿಮ್ಮನ್ನೂ ಜಾಸ್ತಿ ಹೊತ್ತು ಕೇಳುತ್ತಾರೆ. ಮನೆಯಲ್ಲಿ ತೆಗೆದ ವಿಡಿಯೋ ಇದ್ದರೆ ತೋರಿಸಿ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು ಎರಡನ್ನೂ ನೋಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ದೂರದವರು ಜಿಲ್ಲಾ ಆಸ್ಪತ್ರೆಯಲ್ಲಿ 'ಡಿಇಐಸಿ' (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ ಜಿಲ್ಲಾ ಕೇಂದ್ರ) ಎಲ್ಲಿ ಅಂತ ವಿಚಾರಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರ ಅದು, ತಪಾಸಣೆ ಉಚಿತ.

'ಗಂಡು ಮಕ್ಕಳಿಗೆ ಮಾತು ತಡ' ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕಾಯಬೇಡಿ. ಸ್ಪೀಚ್ ಥೆರಪಿ ಶುರು ಮಾಡೋಕೆ ಆಟಿಸಂ ಸರ್ಟಿಫಿಕೇಟ್ ಬೇಕಿಲ್ಲ.