ವಿದೇಶದ ಓದು, ಕೆಲಸಕ್ಕೆ ಕೇಳುವ ಇಂಗ್ಲಿಷ್ ಪರೀಕ್ಷೆಯಾದ ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆಗೆ ಮನೆಯಲ್ಲೇ ತಯಾರಾಗುವುದು ಹೇಗೆ? ಆ ದಿನ ಏನು ನಡೆಯುತ್ತದೆ?

ಮಾತಿನ ಪರೀಕ್ಷೆ ಒಟ್ಟು 11ರಿಂದ 14 ನಿಮಿಷದ್ದು, ಒಬ್ಬ ಪರೀಕ್ಷಕರೊಡನೆ ಮಾತುಕತೆ. ಮೊದಲ ಭಾಗದಲ್ಲಿ ಊರು, ಓದು, ಕೆಲಸದ ಬಗ್ಗೆ ಸರಳ ಪ್ರಶ್ನೆಗಳು, ಕೊನೆಯದು ಚರ್ಚೆ. ನಿಜವಾದ ಅಭ್ಯಾಸ ಬೇಕಿರುವುದು ನಡುವಿನ ಭಾಗಕ್ಕೆ. ಒಂದು ಚೀಟಿಯಲ್ಲಿ ವಿಷಯ ಕೊಡುತ್ತಾರೆ. ಯೋಚಿಸಲು 1 ನಿಮಿಷ, ಆಮೇಲೆ 2 ನಿಮಿಷದವರೆಗೆ ನೀವೊಬ್ಬರೇ ಮಾತನಾಡಬೇಕು.

ಆ ಒಂದು ನಿಮಿಷದಲ್ಲಿ ಪೂರ್ತಿ ವಾಕ್ಯ ಬರೆಯಲು ಹೋಗಬೇಡಿ. ‘ಮರೆಯಲಾಗದ ಪ್ರಯಾಣ’ ಎಂದು ಬಂದರೆ ಆಗುಂಬೆ, ಮಳೆ, ಕೆಟ್ಟು ನಿಂತ ಬಸ್ಸು, ಬಿಸಿ ಕಾಫಿ ಎಂಬಂತೆ ನಾಲ್ಕು ಪದ ಇಂಗ್ಲಿಷಿನಲ್ಲಿ ಗೀಚಿಕೊಂಡರೆ ಸಾಕು. ಒಂದೊಂದಕ್ಕೂ ಅರ್ಧ ನಿಮಿಷದ ಮಾತು ತಾನಾಗಿ ಹುಟ್ಟುತ್ತದೆ. ದಿನಕ್ಕೊಂದು ವಿಷಯ ಹಿಡಿದು ಮೊಬೈಲಿನಲ್ಲಿ ಧ್ವನಿಮುದ್ರಿಸಿ, ಮತ್ತೆ ಕೇಳಿ. ಎಲ್ಲಿ ತಡವರಿಸುತ್ತೀರಿ ಎಂಬುದು ಆಗಲೇ ಗೊತ್ತಾಗುವುದು.

ಉತ್ತರಗಳನ್ನು ಬಾಯಿಪಾಠ ಮಾಡಲೇಬೇಡಿ, ಪರೀಕ್ಷಕರಿಗೆ ಅದು ತಿಳಿದುಬಿಡುತ್ತದೆ. ನಿಮ್ಮ ಇಂಗ್ಲಿಷಿನಲ್ಲಿ ಕನ್ನಡದ ಛಾಯೆ ಇದೆಯೆಂದು ಅಳುಕುವುದೂ ಬೇಡ. ನೋಡುವುದು ಉಚ್ಚಾರಣೆಯ ಸ್ಪಷ್ಟತೆಯನ್ನು. ಅದರಷ್ಟೇ ತೂಕ ನಿರರ್ಗಳತೆಗೆ, ಪದಸಂಪತ್ತಿಗೆ, ವ್ಯಾಕರಣಕ್ಕೂ ಇದೆ. ಪ್ರಶ್ನೆ ಕೇಳಿಸದಿದ್ದರೆ ಇನ್ನೊಮ್ಮೆ ಹೇಳುವಂತೆ ಧೈರ್ಯವಾಗಿ ಕೇಳಿ.

ನೋಂದಣಿಗೆ ಕೊಟ್ಟ ಪಾಸ್‌ಪೋರ್ಟಿನ ಮೂಲಪ್ರತಿಯನ್ನೇ ಒಯ್ಯಿರಿ. ಮಾತಿನ ಪರೀಕ್ಷೆ ಆಲಿಸುವ, ಓದುವ, ಬರೆಯುವ ಪರೀಕ್ಷೆಗಳಿಗಿಂತ ಬೇರೆ ದಿನವೂ ಇರಬಹುದು, ದಿನಾಂಕ ಗಮನಿಸಿ.